ನೀರು ಬಿದ್ದ ದಿನದಿಂದ ಹನ್ನೆರಡು ತಿಂಗಳು

ನಮ್ಮ ಅತ್ತೆಯ ಅಂಗೈಗೆ ಬಿಸಿ ತಿಳಿಯುತ್ತಿರಲಿಲ್ಲ. ಬಾವಿಯ ಹಗ್ಗ, ಗುದ್ದಲಿ, ಎಣ್ಣೆ ಇಂಜಿನ್ನಿನ ಹ್ಯಾಂಡಲು ಇವನ್ನೆಲ್ಲ ಹಿಡಿದು ಹಿಡಿದು ಅಲ್ಲಿನ ಚರ್ಮ ಹಲಗೆಯಂತಾಗಿತ್ತು. ಹಾಲು ಕಾದಿದೆಯೇ, ಮಗುವಿಗೆ ಜ್ವರವಿದೆಯೇ, ಇಂಜಿನ್ನು ಹೆಚ್ಚು ಬಿಸಿಯಾಗಿದೆಯೇ ಎಂದು ನೋಡಬೇಕಾದರೆ ಕೈ ತಿರುಗಿಸಿ ಹಿಂಬದಿಯಿಂದ ಮುಟ್ಟುತ್ತಿದ್ದಳು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗಲೆಲ್ಲ ಹಣೆಗೆ ತಗುಲುತ್ತಿದ್ದದ್ದು ಅವಳ ಗೆಣ್ಣುಗಳೇ.

ಅವಳು ನನ್ನ ಅಪ್ಪನ ಅಕ್ಕ. ಪಲ್ಲಡಂ ಕಡೆ ಅವರ ತೋಟ. ಮಾವ ಮಾತು ಕಡಿಮೆಯ ಮನುಷ್ಯ, ದನಕರುಗಳ ಜೊತೆ ಇದ್ದುಬಿಡುವವರು. ಸಂತೆ, ಕೋರ್ಟು, ಬ್ಯಾಂಕು, ಜಗಳ ಎಲ್ಲವೂ ಅತ್ತೆಯದೇ. ನಾವು ಕೊಯಮತ್ತೂರಿನಲ್ಲಿದ್ದೆವು, ಅಪ್ಪ ಗಿರಣಿ ಕೆಲಸಗಾರ. ಎರಡೂ ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ಅರ್ಧಕ್ಕರ್ಧ ತಮಿಳು ಬೆರೆತದ್ದು. ಓದಲು ಬರೆಯಲು ನಮಗೆ ತಮಿಳೇ. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಬಹಳ ತಡವಾಗಿ. ಅತ್ತೆಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ.

ದಿನ ಎಣಿಸುವುದರಲ್ಲಿ ಅವಳದೇ ಒಂದು ಲೆಕ್ಕವಿತ್ತು. ಕರುವಿಗೆ ಎಷ್ಟು ತಿಂಗಳು ಎಂದರೆ ಅದು ತಾನಾಗಿ ಹುಲ್ಲಿಗೆ ಬಾಯಿ ಹಾಕಿದ ದಿನದಿಂದ ಹೇಳುವಳು. ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಕೊಯಮತ್ತೂರಿನ ಗಣಪತಿ ಬಡಾವಣೆಯ ಒಂದು ಪಂಪು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗಲೂ ಹಾಗೆಯೇ.

"ಸೇರಿ ಎಷ್ಟ್ ದಿವ್ಸ ಆಯ್ತು ಅಮ್ಮಣಿ?"

"ನಾಕು ತಿಂಗ್ಳು ಅತ್ತೆ."

"ಅದು ಹೋಗಿ ಕುಂತ ದಿವ್ಸದಿಂದ. ನೀ ಬರ್ದ ಕಾಗ್ದಾನ ತಿದ್ದದೆ ಸೈನ್ ಹಾಕಿದ್ರಲ್ಲ, ಅದು ಯಾವತ್ತಿಂದ?"

ನನಗೆ ನಗು ಬಂತು. ತಿದ್ದದೆ ಸಹಿಯಾದ ಮೊದಲ ಪತ್ರ ಅದೇ ವಾರದ್ದು.

ಎಂಬತ್ತರ ದಶಕದ ಆರಂಭದ ಮಾತು ಇದು. ತೋಟದ ಬಾವಿಗೆ ಕರೆಂಟು ಬೇಕೆಂದು ಅರ್ಜಿ ಹಾಕಿದವರ ಸಾಲು ದೊಡ್ಡದಿತ್ತು. ಮೋಟಾರು ತಂದು, ವೈರಿಂಗ್ ಮಾಡಿಸಿ ತಯಾರಾಗಿ ಇಟ್ಟವರ ಹೆಸರೇ ಮುಂದಕ್ಕೆ ಹೋಗುವುದೆಂದು ಎಲ್ಲರೂ ಹೇಳುತ್ತಿದ್ದರು. ಹಾಗಾಗಿ ಅತ್ತೆ ಮೊದಲೇ ಮೋಟಾರು ಕೊಂಡಳು, ಅದೂ ನಮ್ಮ ಕಾರ್ಖಾನೆಯದ್ದೇ. ಅಂಗಡಿಗೆ ನಾನೂ ಹೋಗಿದ್ದೆ. ಪೆಟ್ಟಿಗೆಯ ಜೊತೆ ಕೊಟ್ಟ ಇಂಗ್ಲಿಷ್ ಕಾರ್ಡನ್ನು ನನ್ನಿಂದ ಓದಿಸಿದಳು. ಹನ್ನೆರಡು ತಿಂಗಳು ಗ್ಯಾರಂಟಿ, ಬಿಲ್ಲಿನ ತಾರೀಕಿನಿಂದ ಎಂದು ಹೇಳಿದೆ.

"ಪೆಟ್ಗೆ ಒಳ್ಗ ಮಲ್ಗಿರೋದುಕ್ಕೂ ಗ್ಯಾರಂಟಿನಾ?" ಎಂದಳು.

"ಎಲ್ಲಾರ್ಗೂ ಹಂಗೇ ಅತ್ತೆ" ಎಂದು ಕಾರ್ಡನ್ನು ಮಡಿಸಿ ಕೊಟ್ಟೆ. ಅದರ ಬಗ್ಗೆ ನಾನು ಮತ್ತೆ ಯೋಚಿಸಲಿಲ್ಲ.

ಪೆಟ್ಟಿಗೆಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಎರಡು ಕಲ್ಲುಗಳ ಮೇಲೆ ಇರಿಸಿದಳು, ತೇವ ತಗುಲದಂತೆ. ಸುಮ್ಮನೆ ಬಿದ್ದಿದ್ದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ ಎಂದು ಫಿಟ್ಟರ್ ಹೇಳಿದ್ದ. ಅದಕ್ಕೆ ಒಂದು ಹಲಗೆ ಕೀಳಿಸಿ, ಪ್ರತಿ ಶುಕ್ರವಾರ ದೀಪ ಹಚ್ಚಿದ ಮೇಲೆ ಕೈ ಹಾಕಿ ಶಾಫ್ಟನ್ನು ಮೂರು ಸುತ್ತು ತಿರುಗಿಸುತ್ತಿದ್ದಳು. ನಾನು ಹೋದಾಗ ಒಮ್ಮೆ ನನ್ನಿಂದಲೂ ತಿರುಗಿಸಿದಳು. ಮಲಗಿದ್ದ ದನವನ್ನು ಮೈದಡವಿ ಎಬ್ಬಿಸುವ ಹಾಗಿತ್ತು ಅವಳ ರೀತಿ.

ಕರೆಂಟು ಬಂದದ್ದು ಹದಿನಾಲ್ಕನೆಯ ತಿಂಗಳಲ್ಲಿ. ನೀರು ಬಿದ್ದಿತೆಂದು ಸಕ್ಕರೆ ಹಂಚಿದಳಂತೆ. ಒಂಬತ್ತನೆಯ ದಿನ ಮೋಟಾರಿನಿಂದ ಹೊಗೆ ಬಂತು, ವೈಂಡಿಂಗ್ ಸುಟ್ಟು ನಿಂತೇಹೋಯಿತು. ಊರಿನ ಮೆಕ್ಯಾನಿಕ್ ತಾನೇ ಬಿಚ್ಚಿ ಸುತ್ತಿಕೊಡುತ್ತೇನೆಂದರೂ ಅತ್ತೆ ಮುಟ್ಟಗೊಡಲಿಲ್ಲ. "ಮಾಡ್ದವ್ರೇ ನೋಡ್ಲಿ" ಎಂದು ಅಂಗಡಿಗೆ ಸಾಗಿಸಿದಳು. ಅಂಗಡಿಯವನು ಅವಳ ಪರವಾಗಿ ಕಂಪನಿಗೆ ಬರೆದ.

ಆ ಪತ್ರ ಬಂದದ್ದು ನಾನಿದ್ದ ಸರ್ವಿಸ್ ವಿಭಾಗಕ್ಕೆ. ನಮ್ಮಲ್ಲಿ ಇಂಥ ಪತ್ರಗಳಿಗೆ ಒಂದೇ ಉತ್ತರ ಸಿದ್ಧವಿತ್ತು. ಅವಧಿ ಮುಗಿದಿರುವುದರಿಂದ ವಿಷಾದಿಸುತ್ತೇವೆ ಎಂಬ ನಾಲ್ಕು ಸಾಲು. ಹೆಸರು, ಊರು, ಬಿಲ್ಲಿನ ನಂಬರು ಮಾತ್ರ ಬದಲಿಸಬೇಕು. ಅತ್ತೆಯ ಹೆಸರು ನೋಡಿದೊಡನೆ ನನ್ನ ಬೆರಳು ನಿಂತವು. ಮ್ಯಾನೇಜರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮನೆಯವರ ಪರ ಮಾತಾಡಿದಳು ಎನಿಸಿಕೊಳ್ಳುವ ಭಯ ಬೇರೆ. ಟೈಪ್ ಮಾಡಿದೆ. ಎಡಗಡೆ ಕೆಳಗೆ, ರೂಢಿಯಂತೆ, ಟೈಪ್ ಮಾಡಿದವರ ಗುರುತಾಗಿ ನನ್ನ ಹೆಸರಿನ ಎರಡು ಸಣ್ಣಕ್ಷರಗಳನ್ನೂ ಒತ್ತಿದೆ.

ಒಂದು ವಾರದ ಮೇಲೆ ಸಂಜೆ ಅತ್ತೆ ಮನೆಗೆ ಬಂದಳು. ಕಾಫಿಯನ್ನೂ ಮುಟ್ಟದೆ ಪತ್ರವನ್ನು ನನ್ನ ಕೈಗಿಟ್ಟು, "ನಮ್ ಮಾತ್ನಲ್ಲಿ ಓದು" ಎಂದಳು. ನಾನು ಟೈಪ್ ಮಾಡಿದ್ದನ್ನು ನಾನೇ ಮನೆಮಾತಿನಲ್ಲಿ ಓದತೊಡಗಿದೆ. ಇಂಗ್ಲಿಷಿನಲ್ಲಿ ಅಷ್ಟು ಮರ್ಯಾದೆಯಾಗಿ ಕಾಣುತ್ತಿದ್ದ ಆ ನಾಲ್ಕು ಸಾಲನ್ನು ಕನ್ನಡದಲ್ಲಿ ಅವಳ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ಎರಡನೆಯ ಸಾಲಿಗೇ ಓದು ನಿಂತುಹೋಯಿತು.

"ಇದ ಬರ್ದಿದ್ದು ನಾನೇ ಅತ್ತೆ."

ಅಪ್ಪ ತಲೆ ಎತ್ತಿ ನೋಡಿದರು. ಅತ್ತೆ ಪತ್ರವನ್ನು ತೆಗೆದುಕೊಂಡು ದೀಪದ ಹತ್ತಿರ ಹಿಡಿದಳು.

"ತಪ್ಪು ಗಿಪ್ಪು ಇಲ್ವಲ್ಲ ಇದ್ರಲ್ಲಿ?"

"ಇಲ್ಲ."

"ಸರಿ. ಮಾಡೋ ಕೆಲ್ಸಾನ ಸುದ್ದವಾಗಿ ಮಾಡಿದ್ದಿ." ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಆಮೇಲೆ, "ನಾಳಿಕ್ಕಿ ನಿಮ್ ಆಫೀಸ್ಗೆ ಬತ್ತೀನಿ. ಅಲ್ಲಿ ನೀ ನನ್ಗ ಯಾರೂ ಅಲ್ಲ, ತಿಳೀತಾ?" ಎಂದಳು.

"ಯಾಕತ್ತೆ? ನಾನೇ ಸಾರ್ ಹತ್ರ ಕೇಳ್ತೀನಿ."

"ಬೇಡ. ನಿನ್ ಮುಖ ನೋಡಿ ಕೊಟ್ರೆ ನನ್ ಒಬ್ಳಿಗೆ ಕೊಟ್ಟಂಗಾಯ್ತದೆ. ನ್ಯಾಯ ನೋಡಿ ಕೊಡ್ಲಿ."

ಮರುದಿನ ಹತ್ತೂವರೆಗೆ ಬಂದಳು. ಒಗೆದ ಸೀರೆ, ಕೈಯಲ್ಲಿ ಬಟ್ಟೆ ಚೀಲ. ಮ್ಯಾನೇಜರರ ಕೋಣೆಯಲ್ಲೇ ಇದ್ದ ನನ್ನ ಮೇಜಿನ ಮುಂದೆಯೇ ಹಾದುಹೋದರೂ ಕಣ್ಣೆತ್ತಿ ನೋಡಲಿಲ್ಲ. ಮ್ಯಾನೇಜರ್ ಕೆಟ್ಟವರಲ್ಲ. ಕುರ್ಚಿ ಕೊಟ್ಟು ತಮಿಳಿನಲ್ಲಿ ಸಮಾಧಾನವಾಗಿಯೇ ಹೇಳಿದರು: "ಬಿಲ್ಲಿನ ತಾರೀಕೇ ನಮಗೆ ಆಧಾರ ಅಮ್ಮ. ಎಲ್ಲರಿಗೂ ಒಂದೇ ನಿಯಮ."

ಅತ್ತೆಯೂ ತಮಿಳಿನಲ್ಲೇ ಉತ್ತರ ಕೊಟ್ಟಳು. "ಮೋಟಾರು ತೋರಿಸಿದರೇ ಕರೆಂಟು ಅಂತಾರೆ. ಕರೆಂಟು ಬಂದರೇ ಮೋಟಾರು ತಿರುಗೋದು. ನಡುವೆ ಹದಿಮೂರು ತಿಂಗಳು ಅದು ನನ್ನ ಕೊಟ್ಟಿಗೆಯಲ್ಲಿತ್ತು. ತಿರುಗಿದ್ದು ಒಂಬತ್ತೇ ದಿನ. ಆ ಒಂಬತ್ತು ದಿನಕ್ಕೆ ನೀವು ಜವಾಬ್ದಾರಿ ಅಲ್ಲವಾ ಸಾರ್?"

"ನಿಮ್ಮ ಮಾತು ನಿಜವೇ ಇರಬಹುದು. ಆದರೆ ನಾಳೆ ಒಬ್ಬ ಮೂರು ವರ್ಷ ಓಡಿಸಿ, ನಿನ್ನೆ ತಾನೇ ಶುರು ಮಾಡಿದೆ ಎಂದರೆ? ನಾವು ಯಾರ ಮಾತು ನಂಬುವುದು?"

ಆ ಪ್ರಶ್ನೆ ಸರಿಯಾದದ್ದೇ ಎಂದು ಅತ್ತೆಗೆ ಅನಿಸಿದ್ದು ಮುಖದಲ್ಲೇ ತಿಳಿಯುತ್ತಿತ್ತು. ಆಮೇಲೆ ಚೀಲದಿಂದ ಮೀಟರ್ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟಳು.

"ನನ್ನ ಮಾತು ನಂಬಬೇಡಿ. ಯಾವತ್ತು ಲೈನು ಕೊಟ್ಟರು, ಮೀಟರು ಎಷ್ಟು ಓಡಿದೆ, ಎಲ್ಲ ಇದರಲ್ಲಿ ಅವರೇ ಬರೆದು ಮುದ್ರೆ ಹಾಕಿದ್ದಾರೆ. ನನ್ನಿಂದ ತಿದ್ದಲಾಗದು, ನನಗೆ ಬರೆಯೋಕೇ ಬರೋಲ್ಲ."

ಮ್ಯಾನೇಜರ್ ಕಾರ್ಡನ್ನು ನನಗೆ ಕೊಟ್ಟು ತಾರೀಕು ಓದಲು ಹೇಳಿದರು. ನಾನು ಎದ್ದು ನಿಂತೆ. ಸಾಲು ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದೆ, ಮತ್ತೆ ತಡವರಿಸಿದೆ. ಆಗ ಅತ್ತೆ, ತನಗೇ ಅರಿವಿಲ್ಲದೆ, ಕನ್ನಡದಲ್ಲಿ, "ಮೆಲ್ಲಗ ಓದು ಅಮ್ಮಣಿ, ಯಾಕ್ ಹೆದರ್ತಿ?" ಎಂದುಬಿಟ್ಟಳು.

ಮ್ಯಾನೇಜರ್ ನಮ್ಮಿಬ್ಬರ ಮುಖವನ್ನೂ ನೋಡಿದರು. "ಇವರು ನಿಮಗೇನಾಗಬೇಕು?"

ಅತ್ತೆ ತುಟಿ ಕಚ್ಚಿಕೊಂಡು ನೆಲ ನೋಡತೊಡಗಿದಳು. ಅಷ್ಟು ದೊಡ್ಡ ಹೆಂಗಸು ಪೆಚ್ಚಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅದನ್ನು ನೋಡಿ ನನಗೆಲ್ಲಿಂದ ಧೈರ್ಯ ಬಂತೋ ಕಾಣೆ.

"ನಮ್ಮ ಅಪ್ಪನ ಅಕ್ಕ ಸಾರ್. ಅವರಿಗೆ ಆಗುವುದಿಲ್ಲವೆಂದು ಪತ್ರ ಟೈಪ್ ಮಾಡಿದವಳೂ ನಾನೇ" ಎಂದೆ. ಬೀರುವಿನಿಂದ ಫೈಲು ತೆಗೆದು ಅವರ ಮುಂದಿಟ್ಟೆ. "ಕರೆಂಟು ತಡವಾಗಿ ಬಂತು ಎಂದು ಬರೆದವರು ಇದರಲ್ಲಿ ಇನ್ನೂ ಹಲವರಿದ್ದಾರೆ. ಅವರ್ಯಾರೂ ನನಗೆ ಏನೂ ಆಗಬೇಕಾಗಿಲ್ಲ."

ಅವರು ಒಂದೊಂದೇ ಹಾಳೆ ತಿರುವಿದರು. ಕೊನೆಗೆ, "ಫೈಲು ಇಲ್ಲೇ ಇರಲಿ. ಅಮ್ಮನಿಗೆ ಕಾಫಿ ತರಿಸಿ" ಎಂದರು. ನನ್ನ ಕೆಲಸ ಹೋಯಿತೆಂದೇ ನಾನು ಎಣಿಸಿದೆ. ಗೇಟಿನವರೆಗೆ ಬಿಡಲು ಹೋದಾಗ ಅತ್ತೆ, "ನಾನೇ ಕೆಡಿಸ್ಬುಟ್ಟೆ ನೋಡು, ಬಾಯಿ ಸುಮ್ಮನಿರಲಿಲ್ಲ" ಎಂದು ಬಸ್ಸು ಬರುವವರೆಗೂ ಹಲುಬುತ್ತಿದ್ದಳು.

ಮೋಟಾರನ್ನು ನಮ್ಮ ವರ್ಕ್‌ಶಾಪಿನಲ್ಲಿ ಬಿಚ್ಚಿದರು. ವೈಂಡಿಂಗಿಗೆ ವಾರ್ನಿಷ್ ಸರಿಯಾಗಿ ಇಳಿದಿರಲಿಲ್ಲ, ಕಾರ್ಖಾನೆಯದೇ ತಪ್ಪು. ಹೊಸದಾಗಿ ಸುತ್ತಿ ಕಳಿಸಿದರು. ಮ್ಯಾನೇಜರ್ ಕಾರ್ಖಾನೆಯ ಒಡೆಯರಾದ ಮುದಲಾಳಿಯ ಹತ್ತಿರ ಎರಡು ಸಲ ಹೋಗಿ ಬಂದರೆಂದು ಆಮೇಲೆ ಗೊತ್ತಾಯಿತು. ಎರಡು ತಿಂಗಳಿಗೆ ಹೊಸ ಕಾರ್ಡು ಅಚ್ಚಾಯಿತು. ಅದರಲ್ಲಿ ಬಿಲ್ಲಿನ ತಾರೀಕಿನ ಕೆಳಗೆ ಇನ್ನೊಂದು ಗೆರೆ ಇತ್ತು: ಕರೆಂಟು ಸಿಕ್ಕ ತಾರೀಕು. ಹನ್ನೆರಡು ತಿಂಗಳು ಆ ದಿನದಿಂದ. ಆದರೆ ಬಿಲ್ಲಾಗಿ ಎರಡು ವರ್ಷ ಮೀರಬಾರದು. ಫೈಲಿನಲ್ಲಿದ್ದವರಿಗೆಲ್ಲ ಮೋಟಾರು ಕಳಿಸಿಕೊಡಿ ಎಂದು ಮತ್ತೆ ಬರೆದೆವು. ಆ ಪತ್ರಗಳನ್ನು ಟೈಪ್ ಮಾಡಿದ ವಾರ ನಾನು ಊಟಕ್ಕೆ ಎದ್ದದ್ದೂ ನೆನಪಿಲ್ಲ.

ಹೊಸ ಕಾರ್ಡನ್ನು ತೋರಿಸಲು ಭಾನುವಾರ ತೋಟಕ್ಕೆ ಹೋದೆ. ಪೂರ್ತಿ ಕೇಳಿದ ಮೇಲೆ ಅತ್ತೆ, "ಎರಡ್ ವರ್ಷಕ್ಕೂ ಕರೆಂಟು ಬರದೇ ಇದ್ರೆ?" ಎಂದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಜೋರಾಗಿ ನಕ್ಕು, "ಸರಿ ಬುಡು, ಅದುಕ್ಕೆ ಇನ್ನೊಬ್ಳು ಬಂದು ಜಗಳ ಆಡ್ಲಿ" ಎಂದು ನನ್ನನ್ನು ಮೋಟಾರು ಮನೆಗೆ ಕರೆದುಕೊಂಡು ಹೋದಳು. ಸ್ವಿಚ್ ನಾನೇ ಹಾಕಬೇಕೆಂದಳು. ಪೈಪು ಒಮ್ಮೆ ಕೆಮ್ಮಿ, ಆಮೇಲೆ ತೊಟ್ಟಿಗೆ ದಪ್ಪಗೆ ನೀರು ಬಿತ್ತು. ಮಾವ ಬದುವಿನ ಮೇಲೆ ನಿಂತು ಟವೆಲ್ ಬೀಸಿದರು.

ಆ ಮೋಟಾರು ಅತ್ತೆಗಿಂತ ಹೆಚ್ಚು ಕಾಲ ಬಾಳಿತು. ಹಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅರಿಶಿನದ ಹೊಲಕ್ಕೆ ನೀರು ತಿರುಗಿಸಿ ಬಂದು ಕುಳಿತವಳು ಏಳಲಿಲ್ಲ. ಹೆಚ್ಚು ನರಳಲಿಲ್ಲ ಎಂಬುದೊಂದೇ ನಮಗೆ ಸಮಾಧಾನ.

ನನ್ನ ಕೆಲಸ ಹೋಗಲಿಲ್ಲ. ಅದೇ ವರ್ಷ ಖಾಯಂ ಆಯಿತು. ಕಾಲಕ್ರಮದಲ್ಲಿ ಆ ವಿಭಾಗದ ಪತ್ರಗಳಿಗೆ ಸಹಿ ಹಾಕುವವಳೂ ನಾನೇ ಆದೆ. ನಿವೃತ್ತಳಾಗುವವರೆಗೆ ಒಂದು ಅಭ್ಯಾಸವನ್ನು ಬಿಡಲಿಲ್ಲ. ಯಾರಿಗಾದರೂ ಆಗುವುದಿಲ್ಲವೆಂದು ಬರೆಯಬೇಕಾದಾಗ, ಸಹಿಗೆ ಮುಂಚೆ ಆ ಪತ್ರವನ್ನು ಒಮ್ಮೆ ಮೆಲ್ಲಗೆ ನಮ್ಮ ಮನೆಮಾತಿನಲ್ಲಿ ಓದಿಕೊಳ್ಳುತ್ತಿದ್ದೆ. ಎಲ್ಲಾದರೂ ಓದು ನಿಂತುಹೋದರೆ ಪೆನ್ನು ಕೆಳಗಿಟ್ಟು, ಫೈಲು ತರಿಸಿ, ಮೊದಲಿನಿಂದ ನೋಡುತ್ತಿದ್ದೆ.