ನಾಲಿಗೆ ಎತ್ತಿಸುವ ನುಜಹತ್

ಭಾನುವಾರ, ಬೆಳಿಗ್ಗೆ ಆರು ಗಂಟೆ. ನ್ಯಾಮತಿಯ ಪುಟ್ಟ ವ್ಯಸನಮುಕ್ತಿ ಕೇಂದ್ರದ ಬಾಗಿಲು ತೆರೆದ ನರ್ಸ್ ನುಜಹತ್ ಮೊದಲು, ಅವರ ಬಗ್ಗೆ ಬರೆಯಲು ಬಂದ ನನ್ನ ಬ್ಯಾಗ್ ತಡಕುತ್ತಾರೆ. ಆಮೇಲೆ ಟಾರ್ಚ್ ಹಿಡಿದು, ಸಾಲಿನಲ್ಲಿ ನಿಂತವರ ಬಾಯೊಳಗೆ ಇಣುಕುತ್ತಾರೆ. ಅಫೀಮಿನ ಜಾತಿಯ ಮಾತ್ರೆಗಳ ಚಟ ಬಿಡಿಸಲು ಕೊಡುವ ಬುಪ್ರಿನಾರ್ಫಿನ್ ಮಾತ್ರೆ ನಾಲಿಗೆಯಡಿ ಪೂರ್ತಿ ಕರಗಬೇಕು. ದವಡೆಯಲ್ಲಿ ಅಡಗಿಸಿ ಹೊರಗೆ ಮಾರಿಕೊಳ್ಳುವವರೂ ಇದ್ದಾರೆ. ದಿನಕ್ಕೆ ನಲವತ್ತು ನಾಲಿಗೆ, ಹನ್ನೊಂದು ವರ್ಷದಿಂದ. ಸೌಮ್ಯ ಮುಖ ಕಂಡು ಮೋಸ ಹೋಗಬೇಡಿ. ಈ ಹೆಂಗಸು ಯಾರನ್ನೂ ನಂಬುವುದಿಲ್ಲ.

ಹಿಂದೊಮ್ಮೆ ನಂಬಿ ಕೆಟ್ಟಿದ್ದಾರೆ. ಇದೇ ಚಟಕ್ಕೆ ಕೊಡುವ ಮೆಥಡೋನ್ ಸಿರಪ್ ಕುಡಿಯುತ್ತಿದ್ದವರು ಈ ಮಾತ್ರೆಗೆ ಬದಲಾಗುವಾಗ ಸಿರಪ್ಪಿನ ಪ್ರಭಾವ ಇಳಿಯುವ ತನಕ ಕಾಯಲೇಬೇಕು. ಅವಸರ ಮಾಡಿದರೆ ಮಾತ್ರೆಯೇ ತಿರುಗಿಬೀಳುತ್ತದೆ. "ಮೂರು ದಿನ ಆತು ಅಂದ ಒಬ್ಬ. ನಂಬಿ ಡಾಕ್ಟ್ರಿಗೂ ಹಂಗೇ ಹೇಳಿದೆ. ಕೊಟ್ಟ ಅರ್ಧ ಗಂಟೇಲಿ ವಾಂತಿ, ನಡುಕ. ಎದ್ದು ಹೋದೋನು ತಿರುಗಿ ಬರಲೇ ಇಲ್ಲ ರೀ."

ಇಂದು ಎದುರಿಗಿರುವವನು ಹೊನ್ನಾಳಿಯ ವೆಲ್ಡರ್ ಶಾಹಿದ್. ಏಣಿಯಿಂದ ಬಿದ್ದಾಗ ನುಂಗತೊಡಗಿದ ನೋವಿನ ಮಾತ್ರೆ ಚಟವಾಯಿತು. ಸಿರಪ್ಪಿಗೆಂದು ದೂರದ ಊರಿಗೆ ಓಡಾಡಿ ಕೆಲಸವೂ ಕೈಬಿಡುವ ಹಾಗಿದೆ. ಅದಕ್ಕೇ ಈ ಬದಲಾವಣೆ. ಕನಿಷ್ಠ ನಲವತ್ತೆಂಟು ಗಂಟೆ ಕಾಯಿಸಿ ಎಂದು ಡಾಕ್ಟರ್ ಬರೆದಿದ್ದಾರೆ. ಆಪ್ತಸಮಾಲೋಚಕ ಪ್ರವೀಣ್ ಕುಮಾರ್ ತುಂಬಿದ ರಿಜಿಸ್ಟರಿನಲ್ಲಿ ಕೊನೆಯ ಸಿರಪ್ 'ಶುಕ್ರವಾರ ರಾತ್ರಿ' ಎಂದಿದೆ. ಅಂದರೆ ಇವನು ನಾಳೆ ಬರಬೇಕಾದವನು.

"ಇನ್ನೊಂದು ದಿನ ತಡಿಯಾಕೆ ಆಗಲ್ಲ ಆಪಾ. ವಾಪಸ್ ಕಳಿಸಿದ್ರೆ ಹಳೇ ಮಾತ್ರೆನೇ ನುಂಗ್ತೀನಿ," ಎನ್ನುತ್ತಾನೆ.

ನಾಟಕ ಇರಬಹುದೆಂದು ನನಗೂ ಅನಿಸುತ್ತದೆ. ನುಜಹತ್ ಅವನನ್ನು ಕಿಟಕಿಯ ಬಳಿಗೆ ಎಳೆಯುತ್ತಾರೆ. ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿದೆ, ಈ ಸೆಖೆಯಲ್ಲೂ ತೋಳಿನ ರೋಮ ನಿಮಿರಿದೆ. ಸಿರಪ್ಪಿನ ಪ್ರಭಾವ ಪೂರ್ತಿ ಇಳಿದವರ ಗುರುತು ಇದು. ಆಕಳಿಕೆಯನ್ನು ನಟಿಸಬಹುದು, ಇದನ್ನಲ್ಲ. ಅವರ ಅನುಮಾನ ಈಗ ರಿಜಿಸ್ಟರಿನ ಮೇಲೆ ತಿರುಗುತ್ತದೆ.

"ಪ್ರವೀಣ್ ಸರ್‌ಗೆ ಏನಂತ ಹೇಳಿದ್ದೆ ಬೇಟಾ?"

"ಜುಮ್ಮೆ ಕೀ ರಾತ್ ಅಂದಿದ್ದೆ."

ನುಜಹತ್ ಹಣೆ ಚಚ್ಚಿಕೊಳ್ಳುತ್ತಾರೆ. ಮುಸ್ಲಿಮರ ಮನೆಗಳಲ್ಲಿ ದಿನ ಶುರುವಾಗುವುದು ಹಿಂದಿನ ಸಂಜೆ ಹೊತ್ತು ಮುಳುಗಿದಾಗಲೇ. ಜುಮ್ಮಾ ಎಂದರೆ ಶುಕ್ರವಾರವೇ, ಆದರೆ ಜುಮ್ಮೆಯ ರಾತ್ರಿ ಎಂದರೆ ಗುರುವಾರ ರಾತ್ರಿ. ಪ್ರವೀಣ್ ಅದನ್ನು ಶುಕ್ರವಾರ ಮಾಡಿಬಿಟ್ಟಿದ್ದಾರೆ. ಅಷ್ಟಕ್ಕೂ ಬಿಡದೆ ನುಜಹತ್ ಶಾಹಿದನ ತಾಯಿ ರಹಮತ್‌ಬೀಗೆ ಫೋನ್ ಮಾಡಿ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಆಮೇಲೆ ಡಾಕ್ಟರಿಗೆ. ಅವರು ಒಪ್ಪಿದ ಮೇಲೆ ಸಣ್ಣ ಡೋಸ್ ಕೊಡುತ್ತಾರೆ.

ಒಂದು ಗಂಟೆ ಎದುರಿಗೇ ಕೂರುತ್ತಾರೆ. ನಡುಕ ಹತ್ತುವುದಿಲ್ಲ, ನಿಮಿರಿದ್ದ ರೋಮ ಮಲಗುತ್ತದೆ. ನನಗೂ ಜೀವ ಬಂದಂತಾಗುತ್ತದೆ. ಶಾಹಿದ್ ಹೇಳಿಸಿಕೊಳ್ಳದೆಯೇ ನಾಲಿಗೆ ಎತ್ತಿ ತೋರಿಸುತ್ತಾನೆ. ಆದರೂ ಅವರು ಟಾರ್ಚ್ ಹಾಯಿಸಿ ನೋಡಿಯೇ ತೀರುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಹೊರಡುವಾಗ ಕೇಳುತ್ತೇನೆ.

"ಒಂದೇ ಐತೆ ರೀ. ನಾಳೆನೂ ಅವನು ಬರ್ಲಿ, ನಾಳೆನೂ ನಾನು ಅವನ್ನ ನಂಬಲ್ಲ."