ಹೇಳಿಯೇ ಬದಲಾಯಿಸುವ ಚಂದ್ರಕಲಾ

ಸಮುದ್ರದಲ್ಲಿ ಡೈವಿಂಗ್ ಮಾಡುವವರು ತಾವು ಎಷ್ಟು ಆಳಕ್ಕೆ ಹೋದೆವು, ಎಷ್ಟು ಹೊತ್ತು ಇದ್ದೆವು ಎಂದು ದಾಖಲಿಸುವ ಸಾಫ್ಟ್‌ವೇರನ್ನು ನಮ್ಮ ಹಿಂದೂಪುರದ ಆಫೀಸಿನಲ್ಲಿ ಬರೆಯುವ ಚಂದ್ರಕಲಾ ಮೊಣಕಾಲುದ್ದದ ನೀರಿಗೂ ಇಳಿದವಳಲ್ಲ. ಸಾಫ್ಟ್‌ವೇರಿನೊಳಗಿನ ಅಂಕಿ ಬದಲಾದ ಕ್ಷಣವೇ ಪರದೆಗೆ ಸುದ್ದಿ ಮುಟ್ಟುವಂತೆ ಕೋಡ್ ಬರೆಯುವುದು ಅವಳ ಕೆಲಸ. “ಹೇಳ್ದೆ ಬದ್ಲಾಯಿಸಿದ್ರೆ ಸ್ಕ್ರೀನು ಹಳೇದನ್ನೇ ತೋರಿಸ್ಕೊಂಡು ಕೂತಿರ್ತದೆ ಕಣಪ್ಪ” ಎನ್ನುತ್ತಾಳೆ. ಬದಲಾದದ್ದನ್ನೆಲ್ಲ ಹೇಳುವ ಈ ಚಟ ಕೆಲಸ ಮುಗಿದರೂ ಬಿಡುವುದಿಲ್ಲ. ಫ್ಯಾನು ಒಂದು ಪಾಯಿಂಟ್ ಏರಿಸಿದರೂ ಘೋಷಣೆ, ಟೀ ಬದಲು ಕಾಫಿ ಕುಡಿದರೂ ಘೋಷಣೆ. ಪಕ್ಕದ ಮೇಜಿನ ತಿಪ್ಪೇಶ್ ಆಕಳಿಸಿ, “ಮೇಡಂ, ಬಾಯಿ ತೆಗ್ದಿದ್ದೆ, ಈಗ ಮುಚ್ಚಿದೀನಿ. ಅಪ್‌ಡೇಟ್ ಮಾಡ್ಕೊಳ್ಳಿ” ಎಂದು ಕಾಡುತ್ತಾನೆ, ಅವಳು ಗಂಭೀರವಾಗಿ “ಸರೇ” ಎನ್ನುತ್ತಾಳೆ. ಕಳೆದ ಭಾನುವಾರ ಅವಳ ಜೊತೆ ಕಲ್ಯಾಣದುರ್ಗದ ಮನೆಗೆ ಹೋಗಿದ್ದೆ. ಅವಳ ತಂದೆ ಸೋಮಶೇಖರಪ್ಪನವರಿಗೆ ಕೆಲವು ವರ್ಷಗಳಿಂದ ಕಣ್ಣು ಕಾಣುವುದಿಲ್ಲ. ಅವಳೇ ಹಿಂದೊಮ್ಮೆ ಹೇಳದೆ ಸರಿಸಿಟ್ಟ ಸ್ಟೂಲಿಗೆ ಎಡವಿ ಅವರು ಕಾಲು ಮುರಿದುಕೊಂಡಿದ್ದರಂತೆ. ಒಳಗೆ ಕಾಲಿಟ್ಟವಳೇ, “ಅಪ್ಪಾ, ಚೊಂಬು ಎಡಗಡೆ ಇಟ್ಟೀನಿ, ಕುರ್ಚಿ ಬಾಗ್ಲತ್ರ ಐತೆ” ಎಂದು ವಾರ್ತೆ ಓದತೊಡಗಿದಳು. ಅವರು ಕೈಚಾಚಿ ಅವಳ ಕೆನ್ನೆ ಸವರಿ, “ನೀನು ಸೊರಗಿರೋದನ್ನ ಮಾತ್ರ ಹೇಳ್ಲೇ ಇಲ್ವಲ್ಲಮ್ಮ” ಎಂದರು.