ಕುರುಗೋಡಿನ ಕೋಣೆಯ ಬಾಡಿಗೆ

ತಿಂಗಳಿಗೆ ಆರುನೂರು ರೂಪಾಯಿ. 2007ರಲ್ಲಿ ಕುರುಗೋಡಿನ ಒಂದು ಭತ್ತದ ಕೋಣೆಗೆ ನಾನು ಒಪ್ಪಿಕೊಂಡ ಬಾಡಿಗೆ ಅದು. ಒಡತಿ ಕೇಳಿದ್ದು ಸಾವಿರ. ಗೋಡೆಯ ಬಿರುಕು, ಸರಿದ ತಗಡು, ಮೂಲೆಯ ಇಲಿಬಿಲ ಎಲ್ಲ ಒಂದೊಂದಾಗಿ ತೋರಿಸಿ ಇಳಿಸಿದ್ದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಬಳ್ಳಾರಿಯಲ್ಲಿ ಕಡಿಮೆ.

ನನ್ನದು ಮದುವೆ ಮನೆಗಳಿಗೆ ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಎರಡು ಹಂಡೆ, ಒಂದು ಕಡಾಯಿಯಿಂದ ಶುರು ಮಾಡಿದವನು ಲಾರಿ ತುಂಬುವಷ್ಟು ಸಾಮಾನು ಮಾಡಿಕೊಂಡಿದ್ದೆ. ಅದನ್ನೆಲ್ಲ ಬಳ್ಳಾರಿಯಲ್ಲೇ ಒಂದು ಬಾಡಿಗೆ ಗೋದಾಮಿನಲ್ಲಿ ಇಡುತ್ತಿದ್ದೆ. ಗಣಿ ಜೋರಾದ ಮೇಲೆ ಊರಲ್ಲಿ ಗೇಣು ಜಾಗಕ್ಕೂ ಬೆಲೆ ಬಂತು. ಲಾರಿ ಟೈರು ಮಾರುವವನೊಬ್ಬ ಮೂರು ಪಟ್ಟು ಬಾಡಿಗೆ ಕೊಡುತ್ತೇನೆಂದು ಬಂದ. ಮಾಲೀಕ ನನ್ನನ್ನು ಕರೆದು, "ನಿನ್ನ ಬೋಗುಣಿ ಬಂಗಾರದವಾಗಿದ್ರ ಇಟ್ಕೊಂತಿದ್ದೆ ನೋಡಪ. ವಾರದಾಗ ಖಾಲಿ ಮಾಡು" ಎಂದ. ಊರಲ್ಲಿ ಎಲ್ಲಿ ಕೇಳಿದರೂ ಅದೇ ಬೆಲೆ. ಹೀಗಾಗಿ ನನ್ನ ಸಾಮಾನು ಕುರುಗೋಡಿಗೆ ಹೋಯಿತು.

ಕೋಣೆಯ ಒಡತಿ ಹುಸೇನಮ್ಮ. ಗಂಡ ಭತ್ತದ ವ್ಯಾಪಾರ ಮಾಡುತ್ತಿದ್ದವರು, ತೀರಿಕೊಂಡಿದ್ದರು. ಕೋಣೆ ಖಾಲಿ ಇತ್ತು. ಮಳೆ ಬಂದರೆ, ಇಲಿ ಸೇರಿದರೆ ನೋಡಲಿ ಎಂದು ಒಂದು ಕೀಲಿಕೈ ಅವರಿಗೇ ಕೊಟ್ಟಿದ್ದೆ. ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿಸಿ, ಬೋರಲು ಹಾಕಿ ಬಂದೆ. ಮದುವೆ ಕಾಲ ಮುಗಿದಿತ್ತು. ದೀಪಾವಳಿ ಕಳೆಯುವವರೆಗೆ ದೊಡ್ಡ ಕೆಲಸವೇನೂ ಇರಲಿಲ್ಲ.

ಆದರೆ ಆಷಾಢದಲ್ಲೇ ಕುಡತಿನಿ ಹತ್ತಿರ ಅದಿರು ತುಂಬಿದ ಲಾರಿಯೊಂದು ನನ್ನ ಗಾಡಿಯನ್ನು ರಸ್ತೆಯಿಂದ ಕೆಳಕ್ಕೆ ಒತ್ತಿತು. ಬಲಗಾಲು ಮುರಿಯಿತು. ತೊಡೆಗೆ ರಾಡು ಹಾಕಿದರು. ಕೂಡಿಟ್ಟದ್ದು ಆಸ್ಪತ್ರೆಗೆ ಹೋಯಿತು, ಆಮೇಲೆ ಹೆಂಡತಿಯ ಬಳೆಗಳೂ ಹೋದವು. ಕುರುಗೋಡಿನ ಬಾಡಿಗೆ ನಿಂತಿತು.

"ಆಯಮ್ಮಗ ಒಂದು ಫೋನ್ ಮಾಡಿ ಹೇಳೋಣೇನ್ರಿ?" ಎಂದು ಹೆಂಡತಿ ಗಿರಿಜಾ ಕೇಳಿದಳು.

"ಹೇಳಿ ಕೆಡ್ಸಬ್ಯಾಡ. ಕೈಯಾಗ ದುಡ್ಡಿಲ್ಲ ಅಂತ ಗೊತ್ತಾದ್ರ ಸಾಮಾನು ಹಿಡಿದು ಕೂಡ್ತಾರ" ಎಂದೆ. ಬಡತನ ತೋರಿಸಿದವನ ಮಾತಿಗೆ ಬೆಲೆಯಿಲ್ಲ ಅನ್ನುವುದು ನಾನು ವ್ಯಾಪಾರದಲ್ಲಿ ಕಲಿತ ಮೊದಲ ಪಾಠ.

ದೀಪಾವಳಿಯ ಹೊತ್ತಿಗೆ ಕೋಲು ಹಿಡಿದು ನಡೆಯುವಂತಾದೆ. ಸಿರುಗುಪ್ಪದ ಒಂದು ಲಿಂಗಾಯತ ಮನೆತನದವರು ಮಗಳ ಮದುವೆಗೆ ಪಾತ್ರೆ ಕೇಳಿ ಮುಂಗಡ ಕೊಟ್ಟರು. ಆ ಮುಂಗಡ ಟೆಂಪೊ ಬಾಡಿಗೆಗೇ ಸರಿಹೋಯಿತು. ಈ ಮದುವೆ ತಪ್ಪಿದರೆ ಆ ವರ್ಷ ಇನ್ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಕುಂಟನ ಹತ್ತಿರ ಸಾಮಾನಿಲ್ಲ ಎಂದು ಮಾತು ಹಬ್ಬಿದರೆ ವ್ಯಾಪಾರ ಮುಗಿದಂತೆ. ಜೇಬಿನಲ್ಲಿ ಬಾಡಿಗೆಯ ದುಡ್ಡಿಲ್ಲ. ಬಾಯಲ್ಲಿ ಮಾತು ಮಾತ್ರ ಇತ್ತು. ಕುರುಗೋಡಿನ ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಹೋದೆ.

ಹುಸೇನಮ್ಮ ಮನೆಯಲ್ಲಿರಲಿಲ್ಲ. ನನ್ನ ಕೀಲಿಕೈಯಿಂದಲೇ ಬಾಗಿಲು ತೆಗೆದೆ. ಬೋರಲು ಹಾಕಿದ್ದ ಹಂಡೆಗಳು ನೆಟ್ಟಗೆ ಕೂತಿದ್ದವು. ತಳದಲ್ಲಿ ಹೊಸ ಮಸಿ. ಬಗ್ಗಿ ನೋಡಿದರೆ ಒಂದೊಂದರಲ್ಲೂ ಒಂದೊಂದು ಹಿಡಿ ಅಕ್ಕಿ. ನಮ್ಮ ಕಡೆ ಯಾರೂ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅಂದರೆ ನನ್ನ ಪಾತ್ರೆಗಳು ನನಗೆ ತಿಳಿಯದೆ ಊರು ಸುತ್ತಿ ಬಂದಿದ್ದವು.

ಸಿಟ್ಟು ಬಂತು. ಅದರ ಹಿಂದೆಯೇ ಸಮಾಧಾನವೂ ಆಯಿತು. ಬಾಡಿಗೆ ಮನ್ನಾ ಮಾಡಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಅಷ್ಟರಲ್ಲಿ ಹುಸೇನಮ್ಮ ಬಂದರು. ದನಿ ಗಟ್ಟಿ ಮಾಡಿಕೊಂಡು, "ನನ್ನ ಕೇಳದ ನನ್ನ ಪಾತ್ರಿ ಒಲಿ ಮ್ಯಾಲೆ ಇಟ್ಟೋರು ಯಾರಮ್ಮ? ಇನ್ನ ಬಾಡಿಗಿ ಮಾತು ಎತ್ತಬ್ಯಾಡ್ರಿ" ಎಂದೆ.

"ಕೇಳಾಕ ನೀನು ಎಲ್ಲಿದ್ದಿ ತಮ್ಮ? ಮಂಚದ ಮ್ಯಾಲಿದ್ದಿ" ಎಂದರು. "ನಿನ್ನ ಹೆಂಡ್ತಿ ಫೋನ್ ಮಾಡಿ ಅತ್ಲು. ಬೋರ್ಲು ಬಿದ್ದ ಪಾತ್ರಿ ಬಾಡಿಗಿ ತಿಂತಾವು, ಒಲಿ ಮ್ಯಾಲೆ ಇಟ್ರ ತಾವ ದುಡೀತಾವು. ಕೊಟ್ಟೆ. ಶ್ರಾವಣದಾಗ ನಾಕು ಸಣ್ಣ ಮದುವಿ, ಒಂದು ಕೂಸಿನ ಜವಳ, ಒಂದು ಮನಿ ಒಕ್ಕಲು. ನನ್ನ ಬಾಡಿಗಿ ಮುಟ್ಟೇತಿ. ಉಳಿದದ್ದು ಇಲ್ಲೈತಿ" ಎಂದು ಸೆರಗಿನ ಗಂಟು ಬಿಚ್ಚಿದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಒಂದು ಮದುವಿಗೆ ಎಷ್ಟು ಹಿಡಿದ್ರಿ?"

ಅವರು ಹೇಳಿದ ದರ ನಾನು ಬಳ್ಳಾರಿಯಲ್ಲಿ ತೆಗೆದುಕೊಳ್ಳುವುದಕ್ಕಿಂತ ಹೆಚ್ಚಿತ್ತು. "ಅಷ್ಟು ಹೆಂಗ ಕೊಟ್ರು?"

"ಬಳ್ಳಾರಿ ಪಾತ್ರಿ ಅಂದೆ, ಕೊಟ್ರು. ನಿನಗ ಇಳಿಸೋದು ಬರ್ತೈತಿ, ಏರಿಸೋದು ಬರೂದಿಲ್ಲ."

ಟೆಂಪೊ ಡ್ರೈವರ್ ಮುಖ ಆಚೆ ತಿರುಗಿಸಿ ನಕ್ಕ.

ಆದರೂ ನನ್ನ ಎದೆಯಲ್ಲಿ ಒಂದು ಅಂಜಿಕೆ ಉಳಿದಿತ್ತು. ಸಿರುಗುಪ್ಪದವರು ಕಟ್ಟುನಿಟ್ಟಿನ ಜನ. ಮಾಂಸ ಬೇಯಿಸಿದ ಪಾತ್ರೆ ಎಂದು ಸುಳಿವು ಸಿಕ್ಕರೂ ಒಲೆಯ ಮೇಲಿಂದ ಇಳಿಸಿಬಿಡುತ್ತಾರೆ. ಇದನ್ನು ಇವರಿಗೆ ಹೇಗೆ ಕೇಳುವುದು? ಹಂಡೆಯ ಕಂಠ ಸವರುತ್ತ ನಿಂತೆ.

"ಅದನ್ನ ಯಾಕ ನೆಕ್ಕೋಹಂಗ ನೋಡ್ತಿ? ನಿನ್ನ ಗಿರಾಕಿಗಳು ಎಂಥವ್ರು ಅಂತ ನನಗ ಗೊತ್ತಿಲ್ಲೇನು?" ಎಂದರು ಅವರೇ. "ಸಿಹಿ ಅಡಿಗಿ ಮಾಡೋ, ಮಾಂಸ ಮುಟ್ಟದ ಮನಿಗಷ್ಟ ಕೊಟ್ಟೀನಿ. ನಮ್ಮ ಮೈದುನನ ಮಗನ ಶಾದಿ ಇದ ಓಣಿಯಾಗ ಆತು. ಅವ್ರು ಕೇಳಿದ್ರು, ಕೊಡ್ಲಿಲ್ಲ. ಬಿರಿಯಾನಿಗೆ ಬ್ಯಾರೆ ಕಡಿಂದ ದುಡ್ಡು ಕೊಟ್ಟು ಪಾತ್ರಿ ತರ್ಸಿದ್ರು. ಮೈದುನ ಇನ್ನೂ ನನ್ನ ಸಂಗಾಟ ಮಾತಾಡವಲ್ಲ."

ಸ್ವಂತ ಮೈದುನನ ಮುನಿಸು ಕಟ್ಟಿಕೊಂಡು ಅವರು ನನ್ನ ಪಾತ್ರೆಯ ಹೆಸರು ಕಾಯ್ದಿದ್ದರು. ನನ್ನ ಅವರ ನಡುವೆ ಇದ್ದ ನಂಟು ಒಂದು ಹರಕು ಕೋಣೆ ಮಾತ್ರ. ಉಳಿದ ದುಡ್ಡು ನೀವೇ ಇಟ್ಟುಕೊಳ್ಳಿ ಎಂದರೆ ಕೇಳಲಿಲ್ಲ. ಇನ್ನು ಮುಂದೆ ಸಾವಿರವೇ ಕೊಡುತ್ತೇನೆ ಎಂದೆ. "ಆರ್ನೂರಕ್ಕ ಮಾತಾಗೇತಿ. ಮೊದ್ಲು ಸಾಮಾನು ಏರ್ಸು, ಹೊತ್ತಾಗ್ತೈತಿ" ಎಂದು ತಾವೇ ಸೌಟುಗಳ ಕಟ್ಟು ಎತ್ತಿಕೊಂಡು ಟೆಂಪೊ ಕಡೆ ನಡೆದರು.

ಸಿರುಗುಪ್ಪದ ಮದುವೆ ಚೆನ್ನಾಗಿ ಆಯಿತು. ಅದನ್ನು ನೋಡಿ ಮತ್ತಿಬ್ಬರು ಕರೆದರು, ವ್ಯಾಪಾರ ಮತ್ತೆ ಹಳಿಗೆ ಬಂತು. ಬಳ್ಳಾರಿಯಲ್ಲಿ ಬಾಡಿಗೆಗಳು ಇಳಿದ ಮೇಲೂ ನಾನು ಆ ಕೋಣೆ ಬಿಡಲಿಲ್ಲ.

ಸಾಮಾನು ಬೇರೆಯವರ ಜಾಗದಲ್ಲಿ ಇಡುವವರಿಗೆ ನನ್ನ ಅನುಭವದ ಮಾತು ಇಷ್ಟೇ. ಬಾಡಿಗೆ ಚೌಕಾಸಿ ಮಾಡಿ, ಮಾಡದಿದ್ದರೆ ದಡ್ಡರಾಗುತ್ತೀರಿ. ತಗಡು ಸೋರುತ್ತದೆಯೇ ನೋಡಿ, ಪಾತ್ರೆಯ ಮೇಲೆ ಹೆಸರು ಕೊರೆಸಿ. ಆದರೆ ಕಟ್ಟಲಾಗದ ತಿಂಗಳು ಬಂದರೆ ಮುಖ ತಪ್ಪಿಸಬೇಡಿ, ಆ ತಿಂಗಳೇ ಫೋನ್ ಮಾಡಿ ಇದ್ದದ್ದನ್ನು ಹೇಳಿಬಿಡಿ. ಅವರು ಸಿಟ್ಟಾಗಬಹುದು, ಆಗಲಿ. ಹೇಳದೇ ಇದ್ದರೆ ಸಹಾಯ ಮಾಡುವ ಮನಸ್ಸಿದ್ದವರಿಗೂ ದಾರಿ ಇರುವುದಿಲ್ಲ. ನಿಮಗೆ ಅಭಿಮಾನ ಅಡ್ಡ ಬಂದರೆ ಫೋನನ್ನು ಹೆಂಡತಿಯ ಕೈಗೆ ಕೊಡಿ. ನಮ್ಮ ಮನೆಯಲ್ಲಿ ಅವಳು ನನ್ನ ಮಾತು ಮೀರಿದ್ದರಿಂದಲೇ ನಾನಿವತ್ತು ಪಾತ್ರೆ ವ್ಯಾಪಾರಿಯಾಗಿ ಉಳಿದಿದ್ದೇನೆ.